ಮೂಗಿನ ಪಕ್ಕದ ಸಂದು

ಆರು ವರ್ಷದ ನಮ್ಮ ಮಗಳಿಗೆ ಈ ಬೇಸಿಗೆ ರಜೆಯಲ್ಲಿ ವಿಮರ್ಶಾತ್ಮಕ ಚಿಂತನೆ ಕಲಿಸಿಬಿಡುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ "ಯಾಕೆ?" ಎನ್ನುತ್ತಿದ್ದಳು, ಆಮೇಲೆ ಕಲಿಸುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಈ ಹೆಸರು ನನಗೂ ಹೊಸತೇ. ನಮ್ಮ ಕಾಲದಲ್ಲಿ ಇದನ್ನು ಅಧಿಕಪ್ರಸಂಗ ಎನ್ನುತ್ತಿದ್ದರು. ಅಪ್ಪನ ಮುಂದೆ ಮಾಡಿದರೆ ಎದುರುತ್ತರ, ಮೇಷ್ಟರ ಮುಂದೆ ಮಾಡಿದರೆ ತಲೆಹರಟೆ. ಮನೆಯಲ್ಲಿ ಬಿಟ್ಟಿ ಸಿಗುವಾಗ ಬಾಯಿ ಮುಚ್ಚಿಸುತ್ತೇವೆ, ಹೊರಗೆ ದುಡ್ಡು ಕೊಟ್ಟು ಬಾಯಿ ಬಿಡಿಸುತ್ತೇವೆ.

ದೇಶದ ಮಟ್ಟದಲ್ಲೂ ನಾವು ಹೀಗೆಯೇ. ವೈಜ್ಞಾನಿಕ ಮನೋಭಾವ ಮತ್ತು ಜಿಜ್ಞಾಸೆಯನ್ನು ಬೆಳೆಸಿಕೊಳ್ಳುವುದು ಪ್ರತಿ ಪ್ರಜೆಯ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ಅದನ್ನು ಸೇರಿಸಿದ್ದು 1976ರ 42ನೇ ತಿದ್ದುಪಡಿ. ಅಂದರೆ ತುರ್ತು ಪರಿಸ್ಥಿತಿಯಲ್ಲಿ, ಪ್ರಶ್ನೆ ಕೇಳಿದವರೆಲ್ಲ ಜೈಲಿನಲ್ಲಿದ್ದಾಗ. ಅದೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಸಮಿತಿಯವರು ಸಿದ್ಧರಾಗಿ ಕುಳಿತರು, ಪವಾಡಪುರುಷರಿಗೆ ಬಿಡುವಾಗಲಿಲ್ಲ. ನಾನು ಎಚ್ಚೆನ್ ಅವರ ಅಭಿಮಾನಿ. ನನ್ನ ಮೊಬೈಲಿನಲ್ಲಿ ಅವರ ಚಿತ್ರವಿದೆ, ಅದರ ಪಕ್ಕದಲ್ಲೇ ಹನ್ನೊಂದು ಜನರಿಗೆ ಕಳಿಸದಿದ್ದರೆ ಕೇಡಾಗುವ ಇನ್ನೊಂದು ಚಿತ್ರವೂ ಇದೆ.

ಖರ್ಚೇಕೆಂದು ಮೊದಲು ಮನೆಯಲ್ಲೇ ಪಾಠ ಶುರು ಮಾಡಿದೆ. "ನೋಡು ಪುಟ್ಟಿ, ಯಾರೇ ಹೇಳಲಿ, ಪ್ರಶ್ನಿಸದೆ ಒಪ್ಪಬಾರದು."

"ಯಾಕೆ ಒಪ್ಪಬಾರದು?"

"ನಾನು ಹೇಳುತ್ತಿದ್ದೇನಲ್ಲ, ಅದಕ್ಕೆ."

ಮೊದಲ ದಿನದ ಪಾಠ ಅಲ್ಲಿಗೆ ಮುಗಿಯಿತು. ಎರಡನೆಯ ದಿನ ಅವಳ ಅಜ್ಜಿ 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿದ ಕಥೆ ಹೇಳಿದರು. ಅಂದು ಸಾಲಿನಲ್ಲಿ ಮೂರು ಗಂಟೆ ನಿಂತು ಕುಡಿಸಿ ಬಂದವರು ಅವರು. ಚಮಚವನ್ನು ಕಲ್ಲಿಗೆ ತಾಗಿಸಿದರೆ ಮೇಲ್ಮೈ ಸೆಳೆತಕ್ಕೆ ಹಾಲು ಅಂಚು ದಾಟಿ ವಿಗ್ರಹದ ಮೈಮೇಲೆ ತೆಳ್ಳಗೆ ಇಳಿದುಹೋಗುತ್ತದೆ ಎಂದು ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲಿನಲ್ಲಿ ಆಗಲೇ ತೋರಿಸಿದ್ದರು. ನನಗದು ಗೊತ್ತಿತ್ತು, ಆದರೆ ಅತ್ತೆಯವರ ಎದುರು ಭೌತಶಾಸ್ತ್ರ ಬಾಯಿಗೆ ಬರುವುದಿಲ್ಲ. ಮಗಳು ಮಾತ್ರ ಕೇಳಿಯೇಬಿಟ್ಟಳು: "ಮಾರನೆಯ ದಿನ ಗಣಪತಿಗೆ ಹಸಿವಾಗಲಿಲ್ಲವೇ ಅಜ್ಜಿ?" ಆ ರಾತ್ರಿ ಅಜ್ಜಿ ಊಟ ಮಾಡಲಿಲ್ಲ.

ಮೂರನೆಯ ದಿನ ನನ್ನ ಸರದಿ. ಬೀರುವಿನಲ್ಲಿ ಸೀರೆಯ ಮಡಿಕೆಯೊಳಗೆ ಮರೆತುಹೋಗಿದ್ದ ಗುಲಾಬಿ ಬಣ್ಣದ 2000 ರೂಪಾಯಿ ನೋಟೊಂದು ಸಿಕ್ಕಿತು. ಇದರೊಳಗೆ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹಕ್ಕೆ ತಿಳಿಯುತ್ತದೆ ಎಂದು 2016ರಲ್ಲಿ ನಾವೆಲ್ಲ ನಂಬಿದ್ದೆವು ಎಂದು ತಮಾಷೆಗೆ ಹೇಳಿದೆ.

"ಬ್ಯಾಟರಿ ಎಲ್ಲಿರುತ್ತಿತ್ತು?"

"ಬ್ಯಾಟರಿ ಬೇಡವೇ ಬೇಡ ಎಂದಿದ್ದರು."

"ಹಾಗಾದರೆ ನನ್ನ ಕಾರಿಗೆ ಯಾಕೆ ಬೇಕು?"

ಅಂದು ನಾನು ಆ ಸಂದೇಶವನ್ನು ಎಷ್ಟೋ ಗುಂಪುಗಳಿಗೆ ರವಾನಿಸಿದ್ದೆ. ಎಂಜಿನಿಯರುಗಳಿದ್ದರು, ಬ್ಯಾಂಕಿನವರಿದ್ದರು, ಒಬ್ಬ ನಿವೃತ್ತ ಪ್ರಾಂಶುಪಾಲರಿದ್ದರು. ಎಲ್ಲರೂ ಕೈ ಮುಗಿಯುವ ಚಿತ್ರ ಕಳಿಸಿದ್ದರು.

ಮಗು ಕೈಮೀರುತ್ತಿದೆ, ತಜ್ಞರ ಬಳಿಗೇ ಕಳಿಸೋಣ ಎಂದು ಹೆಂಡತಿ ಹೇಳಿದಳು. ನಮ್ಮ ಬಡಾವಣೆಯ ಕಲ್ಯಾಣ ಮಂಟಪದಲ್ಲಿ ಒಂದು ಸಂಸ್ಥೆಯವರ ಪ್ರದರ್ಶನವಿತ್ತು. ಐದರಿಂದ ಹದಿನೈದು ವರ್ಷದ ಮಕ್ಕಳ ಮಧ್ಯಮಿದುಳನ್ನು ಚುರುಕುಗೊಳಿಸಿ ಯೋಚನಾಶಕ್ತಿ ಬೆಳೆಸುತ್ತಾರಂತೆ. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಹುಡುಗನೊಬ್ಬ ನೋಟಿನ ನಂಬರು ಓದಿದ, ಬಣ್ಣ ಹೇಳಿದ. ತಾಯಂದಿರ ಕಣ್ಣಲ್ಲಿ ನೀರು. ಅಸಲಿಗೆ ಮಧ್ಯಮಿದುಳು ಕಣ್ಣಿನ ಚಲನೆ, ಪಾಪೆಯ ಹಿಗ್ಗು-ಕುಗ್ಗು ಮುಂತಾದವನ್ನು ನೋಡಿಕೊಳ್ಳುವ ಭಾಗ. ಅದು ಮಲಗಿದ್ದರೆ ಹುಡುಗ ಮಂಟಪಕ್ಕಲ್ಲ, ಆಸ್ಪತ್ರೆಗೆ ಹೋಗಬೇಕಿತ್ತು. ಇದರ ಬಂಡವಾಳವನ್ನು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ವರ್ಷಗಳಿಂದ ಬಯಲು ಮಾಡುತ್ತಲೇ ಬಂದಿದ್ದಾರೆ. ಆದರೆ ಅವರು ಅದಕ್ಕೆ ಪ್ರಮಾಣಪತ್ರ ಕೊಡುವುದಿಲ್ಲ. ಇವರು ಚಿನ್ನದ ಬಣ್ಣದ ಅಂಚಿನದು ಕೊಡುತ್ತಾರೆ. ಹದಿನೆಂಟು ಸಾವಿರ ಕಟ್ಟಿದೆವು. ಚೌಕಾಸಿ ಮಾಡಲು ನನಗೆ ಮನಸ್ಸಿತ್ತು, ಮಗುವಿನ ಭವಿಷ್ಯದಲ್ಲಿ ಚೌಕಾಸಿಯೇ ಎಂದು ಮೇಡಂ ಕೇಳಿದರು.

ಮೂರು ವಾರದಲ್ಲಿ ಮಗಳು ಪಟ್ಟಿ ಕಟ್ಟಿಕೊಂಡು ಓದತೊಡಗಿದಳು. ನೆಂಟರು ಬಂದರು, ಅಜ್ಜಿ ದೃಷ್ಟಿ ತೆಗೆದರು. ನಾನು ಪುಸ್ತಕವನ್ನು ಅವಳ ಹಣೆಯ ಎತ್ತರಕ್ಕೆ ಹಿಡಿದೆ.

"ಅಪ್ಪಾ, ಕೆಳಗೆ ಹಿಡಿ. ಅಲ್ಲಿ ಕಾಣುವುದಿಲ್ಲ."

ರಾತ್ರಿ ಗುಟ್ಟು ಬಿಟ್ಟುಕೊಟ್ಟಳು. ಮೊದಲ ದಿನ ಏನೂ ಕಾಣಲಿಲ್ಲವಂತೆ. ಪಕ್ಕದ ಹುಡುಗ ಓದುವಾಗಲೆಲ್ಲ ಗಲ್ಲ ಮೇಲೆತ್ತುವುದನ್ನು ಪಟ್ಟಿಯ ಸರದಿ ಇಲ್ಲದಾಗ ನೋಡಿದಳಂತೆ. ತಾನೂ ಎತ್ತಿ ನೋಡಿದಳು, ಮೂಗಿನ ಪಕ್ಕದ ಸಂದಿನಲ್ಲಿ ಅಕ್ಷರ ಕಂಡವು. ನಿಜವೋ ಎಂದು ತಿಳಿಯಲು ಮೂಗಿಗೆ ಬೆರಳಿಟ್ಟು ಸಂದು ಮುಚ್ಚಿದಳು, ಕಾಣಲಿಲ್ಲ; ಬೆರಳು ತೆಗೆದಳು, ಕಂಡಿತು. ಗಮನಿಸಿದ್ದಾಳೆ, ಊಹಿಸಿದ್ದಾಳೆ, ಪರೀಕ್ಷಿಸಿದ್ದಾಳೆ, ಅದೂ ಕಣ್ಣು ಕಟ್ಟಿಸಿಕೊಂಡು. "ಮತ್ತೆ ಮಿಸ್‌ಗೆ ಏಕೆ ಹೇಳಲಿಲ್ಲ?" ಎಂದೆ. "ಮಿಸ್‌ಗೆ ಗೊತ್ತು. ಪಟ್ಟಿ ಸಡಿಲ ಮಾಡಿ ಕಟ್ಟುವುದು ಅವರೇ," ಎಂದಳು.

ಮಾರನೆಯ ಬೆಳಿಗ್ಗೆ ಸಂಸ್ಥೆಗೆ ಹೋಗಿ ದುಡ್ಡು ವಾಪಸು ಕೇಳಿದೆ. ಮೇಡಂ ಬೇಸರಿಸಿಕೊಳ್ಳಲಿಲ್ಲ. ತಂದೆಯ ಸಂಶಯದಿಂದ ಮಗುವಿನ ತರಂಗಗಳು ಕೆಡುತ್ತವೆಂದೂ, ಪಾಲಕರಿಗಾಗಿಯೇ ಎರಡು ದಿನದ ಶಿಬಿರವಿದೆಯೆಂದೂ, ಹಳೆಯ ಗ್ರಾಹಕರಿಗೆ ಅರ್ಧ ಬೆಲೆಯೆಂದೂ ತಿಳಿಸಿದರು. ಹೆಂಡತಿ ಅಲ್ಲೇ ನಿಂತು ಮೊಬೈಲಿನಲ್ಲಿ ಕಟ್ಟಿದಳು.

ಶನಿವಾರ ನನ್ನ ಕಣ್ಣಿಗೂ ಪಟ್ಟಿ ಕಟ್ಟಿದರು. ನನ್ನ ಮೂಗು ಮಗಳದಕ್ಕಿಂತ ದೊಡ್ಡದು. ಅಂದಿನ ಪತ್ರಿಕೆಯ ರಾಶಿಭವಿಷ್ಯವನ್ನು ಮೇಷದಿಂದ ಮೀನದವರೆಗೆ ಒಂದೇ ಉಸಿರಿಗೆ ಓದಿದೆ.