ಟ್ರ್ಯಾಪ್ ಹಾಕಿ ಕಾಡಿನಲ್ಲಿ ಬದುಕುವುದು: ಪರ-ವಿರೋಧ

ಅಲಾಸ್ಕಾದ ಒಳನಾಡಿನಲ್ಲಿ ರಸ್ತೆಯಿಲ್ಲ, ಕರೆಂಟಿಲ್ಲ. ಅಂಥ ಕಡೆ ಮರದ ದಿಮ್ಮಿಗಳಿಂದ ಮನೆ ಕಟ್ಟಿಕೊಂಡು, ಪ್ರಾಣಿ ಹಿಡಿದು, ತುಪ್ಪಟ ಮಾರಿ ಬದುಕುವವರು ಇವತ್ತಿಗೂ ಇದ್ದಾರೆ. ಈ ಬದುಕು ಮುಂದುವರಿಯಬೇಕಾ?

ಪರ: ಅವರನ್ನು ಅಲ್ಲೇ ಬಿಡಿ

ಮರಕ್ಕೆ ಓರೆಯಾಗಿ ಒರಗಿಸಿದ, ಸ್ಪ್ರೂಸ್ ಅನ್ನುವ ಮರದ ಒಂದು ಕೋಲು. ಮೇಲ್ತುದಿಗೆ ಮೀನಿನ ತುಂಡು ಕಟ್ಟಿರುತ್ತಾರೆ, ಅದರ ಸ್ವಲ್ಪ ಕೆಳಗೆ ಸಣ್ಣದೊಂದು ಟ್ರ್ಯಾಪ್. ಮಾರ್ಟೆನ್ ಅನ್ನುವ ಪ್ರಾಣಿಗೆ ಮರ ಹತ್ತುವುದು ಸಲೀಸು. ವಾಸನೆ ಹಿಡಿದು ಕೋಲು ಹತ್ತುತ್ತದೆ, ಸಿಕ್ಕಿಕೊಳ್ಳುತ್ತದೆ, ಜಾರಿ ಗಾಳಿಯಲ್ಲಿ ನೇತಾಡುತ್ತದೆ. ಇಷ್ಟೆಲ್ಲ ಯಾಕೆ, ನೆಲದ ಮೇಲೇ ಇಡಬಹುದಲ್ವಾ? ಇಟ್ಟರೆ ರಾತ್ರಿ ಬಿದ್ದ ಹಿಮ ಟ್ರ್ಯಾಪನ್ನು ಮುಚ್ಚಿಬಿಡುತ್ತದೆ. ಸಿಕ್ಕ ಪ್ರಾಣಿಯ ತುಪ್ಪಟವನ್ನು ಇಲಿಗಳು ಕತ್ತರಿಸಿ ಹಾಕುತ್ತವೆ. ಆ ಕೋಲಿನ ಓರೆಯನ್ನು ಯಾರೋ ಎಷ್ಟೋ ಚಳಿಗಾಲ ಕಳೆದು ಕಲಿತಿದ್ದಾರೆ.

ಟ್ರ್ಯಾಪರ್ ಅಂದರೆ ಸಿಕ್ಕಿದ್ದೆಲ್ಲ ಬಾಚಿಕೊಳ್ಳುವವನು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಒಂದೇ ಜಾಗದಲ್ಲಿ ಬದುಕಬೇಕಾದವನಿಗೆ ಹಾಗೆ ಮಾಡಿ ಪೂರೈಸುವುದಿಲ್ಲ. ಗಂಡು ಮಾರ್ಟೆನ್‌ಗಳು ಜಾಸ್ತಿ ಸುತ್ತಾಡುತ್ತವೆ, ಮೊದಲು ಸಿಗುವುದೂ ಅವೇ. ಬೆಳೆದ ಹೆಣ್ಣುಗಳು ಸಿಗುವುದು ಹೆಚ್ಚಾಯಿತು ಅಂದರೆ ಟ್ರ್ಯಾಪ್ ಎತ್ತುವ ಹೊತ್ತು ಬಂತು ಅಂತ ಅರ್ಥ. ಲಿಂಕ್ಸ್ ಅನ್ನುವ ದೊಡ್ಡ ಕಾಡುಬೆಕ್ಕಿನ ವಿಷಯವೂ ಹೀಗೇ. ಸುಮಾರು 10 ವರ್ಷಕ್ಕೊಮ್ಮೆ ಅಲ್ಲಿ ಮೊಲಗಳು ಹೆಚ್ಚಿ ಕುಸಿಯುತ್ತವೆ, ಅವನ್ನೇ ನಂಬಿದ ಲಿಂಕ್ಸ್ ಕೂಡ ಹಿಂದೆಯೇ ಕುಸಿಯುತ್ತದೆ. ಈ ಏರಿಳಿತ ಎದ್ದು ಕಂಡಿದ್ದೇ ಕೆನಡಾದಲ್ಲಿ ತುಪ್ಪಟದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಲೆಕ್ಕದ ಪುಸ್ತಕಗಳಲ್ಲಿ. ಟ್ರ್ಯಾಪರ್‌ಗಳು ತಂದುಕೊಟ್ಟ ಚರ್ಮಗಳ ಎಣಿಕೆಯೇ ವಿಜ್ಞಾನಿಗಳಿಗೆ ದಾಖಲೆಯಾಯಿತು.

ಇನ್ನು ಊಟದ ಮಾತು. ಮೊಲ ಎಷ್ಟು ಬೇಕಾದರೂ ಸಿಗುವ ವರ್ಷವಿರಬಹುದು. ಆದರೆ ಅದರಲ್ಲಿ ಕೊಬ್ಬಿಲ್ಲ. ಬರೀ ಅದನ್ನೇ ತಿಂದರೆ ಹೊಟ್ಟೆ ತುಂಬಿದ್ದರೂ ಮನುಷ್ಯ ಸೊರಗಿ ಸಾಯುತ್ತಾನೆ. ಅದಕ್ಕೇ ಬೀವರ್ ಅನ್ನುವ, ನೀರಿನಲ್ಲಿ ಬದುಕುವ ಅಗಲ ಬಾಲದ ಪ್ರಾಣಿಯನ್ನು ಹಿಡಿದವರು ಚರ್ಮದ ಜೊತೆ ಮಾಂಸವನ್ನೂ ಬಾಲದ ಕೊಬ್ಬನ್ನೂ ಬಿಡುವುದಿಲ್ಲ.

ಹೆಪ್ಪುಗಟ್ಟಿದ ನದಿಯ ಮೇಲೆ ನಡೆಯುವುದಕ್ಕೂ ಕಣ್ಣು ಬೇಕು. ಮಂಜುಗಡ್ಡೆ ಬಿರಿದು ಮೇಲೆ ಉಕ್ಕಿದ ನೀರು, ಹಿಮದ ಹೊದಿಕೆಯಡಿ ಹೆಪ್ಪುಗಟ್ಟದೆ ನಿಂತಿರುತ್ತದೆ. ಅಲ್ಲಿಯವರು ಇದನ್ನು ಓವರ್‌ಫ್ಲೋ ಅನ್ನುತ್ತಾರೆ. ಮೇಲಿನಿಂದ ಏನೂ ಗೊತ್ತಾಗುವುದಿಲ್ಲ. ಮೈನಸ್ 40 ಡಿಗ್ರಿ ಚಳಿಯಲ್ಲಿ ಬೂಟಿನೊಳಗೆ ಆ ನೀರು ನುಗ್ಗಿತೋ, ಬೆರಳುಗಳು ಮರಗಟ್ಟುವ ಮುಂಚೆ ಬೆಂಕಿ ಹತ್ತಲೇಬೇಕು. ಒದ್ದೆಯಾದರೂ ಉರಿಯುವ ಬರ್ಚ್ ತೊಗಟೆ ಜೇಬಿನಲ್ಲಿದ್ದವನು ಮನೆ ಸೇರುತ್ತಾನೆ. 1971ರ ಜನವರಿಯಲ್ಲಿ ಪ್ರಾಸ್ಪೆಕ್ಟ್ ಕ್ರೀಕ್‌ನಲ್ಲಿ ಮೈನಸ್ 62 ಡಿಗ್ರಿ ದಾಖಲಾದ ನಾಡು ಇದು.

ಕಾನೂನು ಕೂಡ ಅವರ ಕಡೆ ಇದೆ. 1980ರಲ್ಲಿ ಅಮೆರಿಕ 10 ಕೋಟಿ ಎಕರೆಗೂ ಹೆಚ್ಚು ಅಲಾಸ್ಕಾ ನೆಲವನ್ನು ರಕ್ಷಿತ ಪ್ರದೇಶ ಮಾಡಿತು. ಅದೇ ಕಾನೂನು, ಕಾಡನ್ನು ನಂಬಿ ಬದುಕುವ ಹಳ್ಳಿಗಾಡಿನವರ ಹಕ್ಕನ್ನೂ ಉಳಿಸಿತು, ಅವರು ಮೂಲನಿವಾಸಿಗಳಾಗಿರಲಿ ಆಗದಿರಲಿ. ಆರ್ಕ್‌ಟಿಕ್ ವನ್ಯಜೀವಿ ಧಾಮದೊಳಗೆ ಹಳೆಯ ಪರ್ಮಿಟ್ ಹಿಡಿದು ಹೀಗೆ ಬದುಕಿದ ಕುಟುಂಬಗಳು ಬೆರಳೆಣಿಕೆಯಷ್ಟು. ಅವರಿಂದ ಆ ಕಾಡಿಗೆ ಏನು ಕೇಡಾಗುತ್ತದೆ? ಅವರನ್ನು ಎಬ್ಬಿಸಿದರೆ ಮಾತ್ರ ಈ ತಿಳುವಳಿಕೆ ಅವರ ಜೊತೆಗೇ ಹೋಗುತ್ತದೆ. ಓದಿ ಕಲಿಯುವಂಥದ್ದಲ್ಲ ಅದು.

ವಿರೋಧ: ಮನೆ ಇರಲಿ, ಟ್ರ್ಯಾಪ್ ಬೇಡ

ಮೇಲಿನ ಬರಹ ಕೋಲನ್ನು ಚೆನ್ನಾಗಿ ತೋರಿಸಿತು. ಅದರಿಂದ ನೇತಾಡುವ ಪ್ರಾಣಿಯನ್ನು ದಾಟಿಕೊಂಡು ಮುಂದೆ ಹೋಯಿತು. ನಾನು ಅಲ್ಲೇ ನಿಲ್ಲುತ್ತೇನೆ.

1997ರಲ್ಲಿ ಯುರೋಪಿಯನ್ ಒಕ್ಕೂಟ, ಕೆನಡಾ, ರಷ್ಯಾ ಸೇರಿ ದಯೆಯಿಂದ ಪ್ರಾಣಿ ಹಿಡಿಯುವುದು ಹೇಗೆ ಅಂತ ಒಂದು ಒಪ್ಪಂದ ಮಾಡಿಕೊಂಡವು. ಕೊಲ್ಲುವ ಟ್ರ್ಯಾಪ್‌ಗೆ ಅಲ್ಲಿ ಕಾಲಮಿತಿ ಇದೆ. ಮಾರ್ಟೆನ್ 120 ಸೆಕೆಂಡಿನೊಳಗೆ ಪ್ರಜ್ಞೆ ತಪ್ಪಬೇಕು. ಬೀವರ್‌ಗೆ, ಲಿಂಕ್ಸ್‌ಗೆ 300 ಸೆಕೆಂಡು. ಅದೂ ಪರೀಕ್ಷೆಯಲ್ಲಿ ನೂರಕ್ಕೆ 80 ಪ್ರಾಣಿಗಳ ವಿಷಯದಲ್ಲಿ ಹಾಗಾದರೆ ಟ್ರ್ಯಾಪ್ ಪಾಸು. ಗಡಿಯಾರ ಮುಂದಿಟ್ಟುಕೊಂಡು ಐದು ನಿಮಿಷ ಸುಮ್ನೆ ಕೂತು ನೋಡಿ. ಎದೆಯ ಮೇಲೆ ಕಬ್ಬಿಣ ಬಿಗಿದಿದೆ ಅಂದುಕೊಳ್ಳಿ. ಇದನ್ನು ದಯೆ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಇದು ಕೊಲ್ಲುವ ಟ್ರ್ಯಾಪ್‌ನ ಲೆಕ್ಕವಾಯಿತು. ಕಾಲು ಹಿಡಿಯುವ ಟ್ರ್ಯಾಪ್ ಕೊಲ್ಲುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ಟ್ರ್ಯಾಪ್‌ಲೈನ್, ಅಂದರೆ ಸಾಲಾಗಿ ಟ್ರ್ಯಾಪ್ ಇಟ್ಟ ದಾರಿ, ಉದ್ದವಿದ್ದರೆ ಒಂದು ಸುತ್ತು ಮುಗಿಸಲು ದಿನಗಳೇ ಬೇಕು. ನಡುವೆ ಹಿಮಗಾಳಿ ಎದ್ದರೆ ಟ್ರ್ಯಾಪರ್ ಮನೆಯಲ್ಲೇ ಕೂರುತ್ತಾನೆ. ಅಷ್ಟೂ ಹೊತ್ತು ಆ ಲಿಂಕ್ಸ್ ಹಿಮದಲ್ಲಿ ಕೂತಿರುತ್ತದೆ, ಕಬ್ಬಿಣದಲ್ಲಿ ಸಿಕ್ಕ ಪಾದ ಚಳಿಗೆ ಮರಗಟ್ಟುತ್ತಿರುತ್ತದೆ. ಯುರೋಪು ತನ್ನ ನೆಲದಲ್ಲಿ ಇಂಥ ಟ್ರ್ಯಾಪ್ ಬೇಡ ಅಂತ 1991ರಲ್ಲೇ ನಿಯಮ ಮಾಡಿತು. ತೋಳಕ್ಕೆ ಇಟ್ಟ ಉರುಳಿಗೆ ಮೂಸ್ ಅನ್ನುವ ದೊಡ್ಡ ಜಿಂಕೆ ಸಿಗುತ್ತದೆ, ಮಾಂಸದ ವಾಸನೆಗೆ ಬಂದ ಹದ್ದು ಸಿಗುತ್ತದೆ. ಕೋಲಿನ ಓರೆ ಬಲ್ಲವನ ಜಾಣತನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವನು ಇಲ್ಲದ ಹೊತ್ತಿನಲ್ಲಿ ಕೆಲಸ ಮಾಡುವುದು ಅವನ ಜಾಣತನವಲ್ಲ, ಸ್ಪ್ರಿಂಗು.

ಇದು ಯಾರ ಹಂಗೂ ಇಲ್ಲದ ಬದುಕು ಅಂತ ಹೊಗಳುವವರಿದ್ದಾರೆ. ಆ ಮಾತನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಹಿಟ್ಟು, ಗುಂಡು, ಗರಗಸಕ್ಕೂ ಹಿಮಬಂಡಿಗೂ ಬೇಕಾದ ಪೆಟ್ರೋಲು, ಎಲ್ಲವೂ ಬರುವುದು ಸಣ್ಣ ವಿಮಾನದಲ್ಲಿ. ತುಪ್ಪಟ ಹೋಗುವುದು ಎಲ್ಲೋ ದೂರದ ಫ್ಯಾಷನ್ ಮಾರುಕಟ್ಟೆಗೆ. ಅಲ್ಲಿ ಬೇಡಿಕೆ ಬಿದ್ದರೆ ಇಲ್ಲಿ ಇಡೀ ಚಳಿಗಾಲದ ದುಡಿಮೆ ನೀರುಪಾಲು. ಉತ್ತರ ಅಮೆರಿಕದ ಬಹುದೊಡ್ಡ ತುಪ್ಪಟ ಹರಾಜು ಸಂಸ್ಥೆಯೇ 2019ರಲ್ಲಿ ಸಾಲದಲ್ಲಿ ಮುಳುಗಿತು. ಹೀಗೆ ಸಂತೆಗೆ ಕಟ್ಟುಬಿದ್ದ ಕಸುಬನ್ನು ಸ್ವಾತಂತ್ರ್ಯ ಅನ್ನುವುದು ಹೇಗೆ?

ಅಲ್ಲಿನ ಮೂಲನಿವಾಸಿಗಳಾದ ಗ್ವಿಚಿನ್, ಕೊಯುಕನ್ ಜನರ ಮಾತು ಬೇರೆ. ಅದು ಅವರ ನೆಲ, ಅವರ ಅಜ್ಜ-ಮುತ್ತಜ್ಜಂದಿರ ಊಟ. ಏನು ಬಿಡಬೇಕು, ಏನು ಇಟ್ಟುಕೊಳ್ಳಬೇಕು ಅಂತ ಹೊರಗಿನವರು ಅವರಿಗೆ ಹೇಳಿಕೊಡುವುದು ಬೇಡ. ನನ್ನ ತಕರಾರು, ಪೇಟೆ ಸಾಕಾಗಿ ಕಾಡಿಗೆ ಹೋಗಿ, ಹೋದಮೇಲೆ ತುಪ್ಪಟ ಮಾರಿಯೇ ಬದುಕಬೇಕು ಅನ್ನುವವರ ಬಗ್ಗೆ.

ಯಾಕೆಂದರೆ ಬೇರೆ ದಾರಿ ಇತ್ತು. ರಿಚರ್ಡ್ ಪ್ರೊಯೆನೆಕೆ 1968ರಲ್ಲಿ, 50 ದಾಟಿದ ಮೇಲೆ, ಅಲಾಸ್ಕಾದ ಟ್ವಿನ್ ಲೇಕ್ಸ್ ದಡದಲ್ಲಿ ಕೈ ಉಪಕರಣಗಳಿಂದಲೇ ಮನೆ ಕಟ್ಟಿಕೊಂಡರು. ಸುಮಾರು 30 ವರ್ಷ ಅಲ್ಲಿ ಒಬ್ಬರೇ ಇದ್ದರು. ವಿಮಾನದಲ್ಲಿ ಬಂದ ಸಾಮಾನು ಅವರಿಗೂ ಬೇಕಿತ್ತು, ಮೀನು ಹಿಡಿದೂ ತಿಂದರು. ಆದರೆ ತುಪ್ಪಟ ಮಾರಿ ಬದುಕಿದವರಲ್ಲ. ಕ್ಯಾಮೆರಾ ಹಿಡಿದು ಪ್ರಾಣಿಗಳ ಹಿಂದೆ ನಡೆದರು, ದಿನದಿನ ಕಂಡದ್ದನ್ನು ಡೈರಿಯಲ್ಲಿ ಬರೆದಿಟ್ಟರು. ಆ ಪುಟ್ಟ ಮನೆ ಲೇಕ್ ಕ್ಲಾರ್ಕ್ ರಾಷ್ಟ್ರೀಯ ಉದ್ಯಾನದಲ್ಲಿ ಈಗಲೂ ನಿಂತಿದೆ.