ಕೊಡಗಿನ ಕಾಫಿ ತೋಟದ ಕೂಲಿಯವ್ರ ಲೈನ್ ಮನೆ ಮಕ್ಕಳ ಸ್ಕೂಲಿನ ವಿಷ್ಯ, ದಯವಿಟ್ಟು ಪೂರ್ತಿ ಓದಿ

ಮೊನ್ನೆ ಮಗಳ ಸ್ಕೂಲಿನ ಎರಡನೇ ಕಂತು ಕಟ್ಟಿ ಬಂದೆ. ಎಲ್‌ಕೆಜಿ, ವ್ಯಾನ್ ಎಲ್ಲಾ ಸೇರಿ ವರ್ಷಕ್ಕೆ 46 ಸಾವಿರ. ವಾಪಸ್ ಬರ್ತಾ ನಮ್ಮೂರ ಸರ್ಕಾರಿ ಸ್ಕೂಲ್ ಹತ್ರ ಟೀಚರ್ ಸಿಕ್ಕಿದ್ರು, ಮಳೇಲಿ ಹೆಂಚು ಹೋಗಿದೆ ಅಣ್ಣ, ತೋಟದವ್ರು ಯಾರಾದ್ರೂ ಸ್ವಲ್ಪ ನೋಡ್ತಾರಾ ಅಂತ ಕೇಳಿದ್ರು. ಯಾಕೆ ಟೀಚರ್, ಅನುದಾನ ಬರಲ್ವಾ ಅಂದೆ. ಬರುತ್ತೆ, ಸಮಗ್ರ ಶಿಕ್ಷಣ ಯೋಜನೇಲಿ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10 ಸಾವಿರ, ಅದ್ರಲ್ಲೇ ನೂರಕ್ಕೆ ಹತ್ತು ಭಾಗ ಸ್ವಚ್ಛತೆಗೆ ಇಡ್ಬೇಕು, ಉಳಿದಿದ್ರಲ್ಲಿ ಚಾಕ್‌ಪೀಸು, ರಿಜಿಸ್ಟರು, ಸಣ್ಣಪುಟ್ಟ ರಿಪೇರಿ. ಇಲ್ಲಿರೋದು 19 ಮಕ್ಕಳು ಅಂದ್ರು ಟೀಚರ್.

ನನ್ನ ಒಂದು ಮಗುಗೆ 46, ಅಲ್ಲಿ 19 ಮಕ್ಕಳ ಇಡೀ ಸ್ಕೂಲಿನ ಖರ್ಚಿಗೆ 10. ಟೀಚರ್ ಸಂಬಳ, ಬಿಸಿಯೂಟ, ಪುಸ್ತಕ, ಯೂನಿಫಾರ್ಮ್ ಸರ್ಕಾರ ಬೇರೆ ಕೊಡುತ್ತೆ ಅಂತ ಗೊತ್ತು, ಆದ್ರೂ ಆ ರಾತ್ರಿ ಸರಿಯಾಗಿ ನಿದ್ದೆ ಬರ್ಲಿಲ್ಲ.

ಮಕ್ಕಳ ಲೆಕ್ಕದ ಮೇಲೆ ದುಡ್ಡು ಕೊಡೋದು ಮೈಸೂರಿಗೋ ಮಂಡ್ಯಕ್ಕೋ ಸರಿ ಹೋಗ್ಬಹುದು. ಕೊಡಗಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ತೋಟ ದಾಟ್ಬೇಕು, ಸ್ಕೂಲಲ್ಲಿ ಮಕ್ಕಳು ಕಮ್ಮಿ ಇರೋದೇ. ಹೆಂಚು ಹಾರೋಕೆ ಮಕ್ಕಳು ಎಷ್ಟಿದ್ರೇನು, ಜೂನ್ ಗಾಳಿ ಎಲ್ಲಾ ಸ್ಕೂಲಿಗೂ ಒಂದೇ. ರಿಪೇರಿ ಆಗ್ದೇ ಇದ್ರೆ ಕೈಲಾದವ್ರು ಮಕ್ಕಳನ್ನ ಕಾನ್ವೆಂಟಿಗೆ ಹಾಕ್ತಾರೆ, ನಾನೂ ಹಾಗೇ ಮಾಡ್ದೆ, ಸಂಖ್ಯೆ ಇನ್ನೂ ಇಳಿಯುತ್ತೆ, ಆಮೇಲೆ ಪಕ್ಕದ ಸ್ಕೂಲಿಗೆ ಸೇರಿಸ್ತೀವಿ ಅಂತಾರೆ. ಸಿದ್ದಾಪುರದ ಕಡೆ ಆ ಪಕ್ಕದ ಸ್ಕೂಲು ಅಂದ್ರೆ ಆನೆ ಓಡಾಡೋ ತೋಟದೊಳಗೆ ನಾಕು ಕಿಲೋಮೀಟರ್, ಆರು ವರ್ಷದ ಮಗು ಒಂದೇ ಹೇಗೆ ಹೋಗ್ಬೇಕು ಹೇಳಿ?

ಆರ್‌ಟಿಇ ಸೀಟಿದೆಯಲ್ಲ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೇಲಿ ಬಡ ಮಕ್ಕಳಿಗೆ ಖಾಸಗಿ ಸ್ಕೂಲಲ್ಲಿ ಫ್ರೀ ಸೀಟು, ಅಂತ ಕೆಲವ್ರು ಅಂತಾರೆ. 2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರ ಸರ್ಕಾರಿ ಇಲ್ಲಾ ಅನುದಾನಿತ ಶಾಲೆ ಇದ್ರೆ ಖಾಸಗಿ ಸ್ಕೂಲಲ್ಲಿ ಆ ಸೀಟು ಸಿಗಲ್ಲ. ಸರ್ಕಾರಿ ಶಾಲೆ ಉಳೀಲಿ ಅಂತ ಮಾಡಿದ್ದು, ಅದು ನಂಗೂ ಒಪ್ಪಿಗೆ. ಆದ್ರೆ ಮಗುನ ಅಲ್ಲೇ ಓದು ಅಂದ್ಮೇಲೆ ಅದ್ರ ಸೂರು ಸೋರದ ಹಾಗೆ ನೋಡ್ಕೋಬೇಕಲ್ವಾ.

ಇನ್ನೊಂದು ವಿಷ್ಯ ನಮ್ಮ ತೋಟದವ್ರಿಗೆ. ರೋಬಸ್ಟಾ ಕಾಫಿ ಕುಯ್ಲು ಜನವರಿಯಿಂದ ಮಾರ್ಚ್‌ವರೆಗೆ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೋದೂ ಮಾರ್ಚಲ್ಲೇ. ಕುಯ್ಲಿಗೆ ಕೂಲಿ ಕೆಜಿ ಲೆಕ್ಕ, ಅಂದ್ಮೇಲೆ ಮನೇಲಿ ಎಷ್ಟು ಕೈ ಇದ್ರೆ ಅಷ್ಟು ದುಡ್ಡು, ವರ್ಷದ ಸಾಲ ತೀರೋದೇ ಆ ಮೂರು ತಿಂಗಳಲ್ಲಿ. ಹೋದ ವರ್ಷ ನಮ್ಮ ಲೈನಿನ ಯರವ ಬುಡಕಟ್ಟಿನ ಹುಡುಗಿ, ಹತ್ತನೇ ಕ್ಲಾಸು, ಫೆಬ್ರವರಿ ಪೂರ್ತಿ ಸ್ಕೂಲಿಗೆ ಹೋಗ್ಲಿಲ್ಲ. ಕಾಫಿ ಕುಯ್ಯೋಕೆ ಬಂದಿದ್ದಲ್ಲ, ಅಮ್ಮ ಕುಯ್ಯೋವಾಗ ತಮ್ಮನ್ನ ನೋಡ್ಕೊಳ್ಳೋಕೆ ಮನೇಲಿ ಉಳಿದಿದ್ದು. ಎರಡು ಸಬ್ಜೆಕ್ಟ್ ಹೋಯ್ತು. ನಾನು ದಿನಾ ಅದೇ ಲೈನ್ ಮುಂದೆ ಓಡಾಡ್ತಿದ್ದೆ, ಕೇಳ್ಲಿಲ್ಲ. ಆ ತಪ್ಪು ನಂದು.

ಸ್ಕೂಲಿಗೆ ಹೋಗೋಕೆ ಅಂತ ಸರ್ಕಾರ 8ನೇ ಕ್ಲಾಸಿಗೆ ಕೊಡ್ತಿದ್ದ ಸೈಕಲ್ ಕೋವಿಡ್ ಬಂದ್ಮೇಲೆ ನಿಂತೋಯ್ತು. ಶಕ್ತಿ ಯೋಜನೆ ಬಂದು ಹೆಣ್ಮಕ್ಕಳಿಗೆ ಸರ್ಕಾರಿ ಬಸ್ ಫ್ರೀ ಆಗಿದ್ದು ನಿಜಕ್ಕೂ ಒಳ್ಳೇದು, ಆದ್ರೆ ನಮ್ಮ ಒಳರಸ್ತೇಲಿ ಬರೋದು ಪ್ರೈವೇಟ್ ಬಸ್ಸು, ಅಲ್ಲಿ ಟಿಕೆಟ್ ತಗೊಳ್ಲೇಬೇಕು.

ಈಚೆಗೆ ಕಾಫಿಗೆ ಯಾವತ್ತೂ ನೋಡ್ದೇ ಇದ್ದ ರೇಟು ನೋಡಿದೀವಿ. ಆಳುಗಳನ್ನ ಕರ್ಕೊಂಡು ಬರೋಕೆ ಬೆಳಿಗ್ಗೆ ಎಲ್ಲರ ಜೀಪು, ಪಿಕಪ್ಪು ಹೇಗೂ ಹೊರಡುತ್ತೆ. ಈ ಸಲ ಕುಯ್ಲು ಮುಗಿಯೋವರೆಗೆ ನಮ್ಮ ಜೀಪು ಎಂಟೂವರೆಗೆ ಲೈನ್ ಹತ್ರ ನಿಂತು ಸ್ಕೂಲ್ ಮಕ್ಕಳನ್ನ ಹತ್ತಿಸ್ಕೊಂಡು ಹೋಗುತ್ತೆ, ಚಿಕ್ಕ ಮಕ್ಕಳನ್ನ ನೋಡ್ಕೊಳ್ಳೋಕೆ ಲೈನಲ್ಲೇ ಒಬ್ಬ ಅಜ್ಜಿಗೆ ದಿನಗೂಲಿ ಕೊಡೋಕೆ ಮಾತಾಡಿದೀನಿ. ಹೆಂಚಿಗೆ ಎರಡು ಮನೆಯವ್ರು ಒಪ್ಪಿದಾರೆ, ಇನ್ನೂ ಸ್ವಲ್ಪ ಬೇಕು. ನಮ್ಮ ರಸ್ತೇಲಿ ಗಾಡಿ ಇರೋರು ಯಾರಾದ್ರೂ ವಾರಕ್ಕೆ ಎರಡು ದಿನ ಮಕ್ಕಳನ್ನ ಸ್ಕೂಲಿಗೆ ಬಿಡ್ತೀವಿ ಅಂದ್ರೆ ಫೋನ್ ಮಾಡಿ.