ಹದಿಹರೆಯದವರಿಗಾಗಿ ಬರೆಯುವವರ ಲೆಕ್ಕ: ಲಂಡನ್ನಿನದು, ನಮ್ಮದು

ಲಂಡನ್ನಿನ ಪುಸ್ತಕದಂಗಡಿಗಳಲ್ಲಿ ಹನ್ನೆರಡು ದಾಟಿದ ಓದುಗರಿಗೆ ಬೇರೆಯೇ ಕಪಾಟು ಇರುತ್ತದೆ. ಅದರಲ್ಲೂ ಎರಡು ಪಾಲು: 12ರಿಂದ 14ರವರಿಗೆ ‘ಟೀನ್’, ಅದರಾಚೆಗೆ ‘ವೈಎ’ (ಯಂಗ್ ಅಡಲ್ಟ್). ನಮ್ಮಲ್ಲಿ ಮಕ್ಕಳ ಸಾಹಿತ್ಯ ಮುಗಿದ ಜಾಗದಲ್ಲೇ ದೊಡ್ಡವರ ಕಾದಂಬರಿ ಶುರು. ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರ ಕೂಡ 9ರಿಂದ 16ರವರೆಗಿನ ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸುತ್ತದೆ. ನಾಲ್ಕನೇ ಕ್ಲಾಸಿನ ಹುಡುಗನಿಗೂ ಎಸ್ಸೆಸ್ಸೆಲ್ಸಿ ಹುಡುಗಿಗೂ ಒಂದೇ ಕಥೆ ಹಿಡಿಸೀತೇ?

ಹಾಗಂತ ಕಪಾಟು ಇದ್ದ ಮಾತ್ರಕ್ಕೆ ಲಂಡನ್ನಿನಲ್ಲಿ ಬರೆಯುವವರ ಹೊಟ್ಟೆ ತುಂಬಿದೆ ಎಂದುಕೊಳ್ಳಬೇಡಿ. ಬ್ರಿಟನ್ನಿನ ಲೇಖಕರ ಸಂಸ್ಥೆ ಎಎಲ್‌ಸಿಎಸ್ 2022ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ, ಬರಹವೇ ಮುಖ್ಯ ಕಸುಬಾದವರಲ್ಲಿ ಅರ್ಧ ಮಂದಿಗೆ ಬರಹದಿಂದ ವರ್ಷಕ್ಕೆ 7,000 ಪೌಂಡ್ ಕೂಡ ಹುಟ್ಟುವುದಿಲ್ಲ. 2006ರಲ್ಲಿ ಈ ಗೆರೆ 12,330 ಪೌಂಡಿನಲ್ಲಿತ್ತು.

ಯಾಕೆ ಹೀಗೆ ಎನ್ನುವುದು ಒಂದು ಪುಸ್ತಕದ ಲೆಕ್ಕ ಬಿಡಿಸಿದರೆ ತಿಳಿಯುತ್ತದೆ. ಹೊಸಬರ ಟೀನ್ ಕಾದಂಬರಿಗೆ 5,000 ಪೌಂಡ್ ಮುಂಗಡ ಸಿಕ್ಕಿತು ಅಂತಿಟ್ಟುಕೊಳ್ಳಿ. ಲೇಖಕರ ಪರವಾಗಿ ಪ್ರಕಾಶಕರೊಂದಿಗೆ ವ್ಯವಹರಿಸುವ ಏಜೆಂಟರ ಪಾಲು 15%, ಅಂದರೆ 750. ಅವರು ವ್ಯಾಟ್ ಕಟ್ಟುವವರಾದರೆ ಅದರ ಮೇಲೆ ಇನ್ನೂ 150. ಉಳಿದ 4,100 ಒಟ್ಟಿಗೆ ಕೈಸೇರುವುದಿಲ್ಲ. ಸಹಿ ಹಾಕಿದಾಗ ಒಂದು ಕಂತು, ತಿದ್ದಿದ ಪ್ರತಿ ಒಪ್ಪಿಗೆಯಾದಾಗ ಒಂದು, ಪುಸ್ತಕ ಹೊರಬಂದಾಗ ಒಂದು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಒಂದೂವರೆ ಎರಡು ವರ್ಷ ಕಳೆದಿರುತ್ತದೆ. 8.99 ಪೌಂಡಿನ ಪೇಪರ್‌ಬ್ಯಾಕಿಗೆ 7.5% ರಾಯಲ್ಟಿ ಎಂದರೆ ಪ್ರತಿಗೆ 67 ಪೆನ್ಸ್. ಆ ರಾಯಲ್ಟಿಯಲ್ಲೇ ಮುಂಗಡ ತೀರಲು 7,400ಕ್ಕೂ ಹೆಚ್ಚು ಪ್ರತಿ ಹೋಗಬೇಕು. ಭಾರೀ ರಿಯಾಯಿತಿಯಲ್ಲಿ ಸೂಪರ್‌ಮಾರ್ಕೆಟ್ಟಿಗೆ ಹೋದ ಪ್ರತಿಗಳ ಮೇಲೆ ರಾಯಲ್ಟಿಯೂ ಇಳಿಯುವುದರಿಂದ ಆ ಸಂಖ್ಯೆ ಇನ್ನೂ ಏರುತ್ತದೆ. ಮಾರಾಟವಾಗದಿದ್ದರೆ ಮುಂಗಡ ಹಿಂದಿರುಗಿಸಬೇಕಿಲ್ಲ ಎನ್ನುವುದೊಂದೇ ಸಮಾಧಾನ.

ಈ ಮುಂಗಡದ ಹಂತಕ್ಕೆ ಬರುವುದಕ್ಕೇ ಒಂದು ಪರೀಕ್ಷೆ ಇದೆ. ಏಜೆಂಟರಿಗೆ ಒಂದು ಪುಟದ ಪತ್ರ, ಮೊದಲ ಮೂರು ಅಧ್ಯಾಯ, ಸುಮಾರು 500 ಪದಗಳ ಕಥಾಸಾರ ಕಳಿಸಬೇಕು. ಹೊಸಬರು ಎಡವುವುದು ಕಥಾಸಾರದಲ್ಲಿ. ಅಂತ್ಯವನ್ನು ಬಚ್ಚಿಟ್ಟು ‘ಮುಂದೇನಾಯಿತು?’ ಎಂದು ಮುಗಿಸುತ್ತಾರೆ. ಅದು ಬೆನ್ನುಡಿಯ ಜಾಣತನ. ಕಥೆ ಕೊನೆಯವರೆಗೂ ನಿಲ್ಲುತ್ತದೋ ಇಲ್ಲವೋ ಎಂದು ಅಳೆಯಲು ಕೂತವರ ಮುಂದೆ ಅದು ನಡೆಯುವುದಿಲ್ಲ. ಇನ್ನು, ಹಸ್ತಪ್ರತಿ ಓದಲು ಶುಲ್ಕ ಕೇಳುವ ಏಜೆಂಟರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಬ್ರಿಟನ್ನಿನ ಟೀನ್ ಲೇಖಕರ ಮನೆ ನಡೆಯುವುದು ಹೇಗೆ? ಬಹುಮಟ್ಟಿಗೆ ಶಾಲೆಗಳಿಂದ. ಶಾಲಾಭೇಟಿಗೆ ದಿನಕ್ಕೆ ಕೆಲವು ನೂರು ಪೌಂಡ್ ಸಂಭಾವನೆ, ಪ್ರಯಾಣದ ಖರ್ಚು ಬೇರೆ. ಬೆಳಿಗ್ಗೆ ಇಡೀ ತರಗತಿಗಳ ಸಭೆಗೆ ಒಂದು ಗಂಟೆ ಮಾತು, ಆಮೇಲೆ 25–30 ಮಕ್ಕಳ ಬರವಣಿಗೆಯ ಕಮ್ಮಟ, ಸಂಜೆ ಸಹಿ ಹಾಕಿ ಮಾರಾಟ. ಪುಸ್ತಕ ತರುವುದು ಹತ್ತಿರದ ಅಂಗಡಿ. ಉಳಿದದ್ದನ್ನು ಅವರೇ ಒಯ್ಯುತ್ತಾರೆ. ಒಂದು ವಾರ ಮೊದಲೇ ಆರ್ಡರ್ ಚೀಟಿ ಮನೆಗಳಿಗೆ ಹೋಗಿರಬೇಕು. ಇಲ್ಲದಿದ್ದರೆ ಮಕ್ಕಳ ಹತ್ತಿರ ದುಡ್ಡಿರುವುದಿಲ್ಲ, ಪೆಟ್ಟಿಗೆ ಬಂದ ಹಾಗೇ ವಾಪಸು.

ಎರಡನೆಯದು ಗ್ರಂಥಾಲಯ. 1979ರ ಕಾಯ್ದೆಯಿಂದಾಗಿ ಸಾರ್ವಜನಿಕ ಗ್ರಂಥಾಲಯದಿಂದ ಒಬ್ಬರು ಪುಸ್ತಕ ಎರವಲು ಒಯ್ದಾಗಲೆಲ್ಲ ಲೇಖಕರ ಲೆಕ್ಕಕ್ಕೆ ಕೆಲವು ಪೆನ್ಸ್ ಸೇರುತ್ತದೆ. ವರ್ಷಕ್ಕೆ ಒಬ್ಬರಿಗೆ 6,600 ಪೌಂಡ್ ಮಿತಿ. ಯಾರು ಎಷ್ಟೇ ಜನಪ್ರಿಯರಾದರೂ ಅದರ ಮೇಲೆ ಇಲ್ಲ. ಮಿತಿ ಇರುವುದರಿಂದಲೇ ಸಣ್ಣವರಿಗೂ ಪಾಲು ಉಳಿಯುತ್ತದೆ. ಜೇಬಿನಲ್ಲಿ ಕಾಸಿಲ್ಲದ ಹದಿನಾಲ್ಕರ ಓದುಗ ಗ್ರಂಥಾಲಯದ ಗಿರಾಕಿಯೇ ಆದ್ದರಿಂದ ಈ ಏರ್ಪಾಡು ಟೀನ್ ಲೇಖಕರಿಗೆ ಹೇಳಿ ಮಾಡಿಸಿದಂತಿದೆ.

ಈಗ ನಮ್ಮ ಲೆಕ್ಕ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷಿನ 60,000 ಪದಗಳ ಕಾದಂಬರಿ ನಮ್ಮಲ್ಲಿ ಹೆಚ್ಚುಕಡಿಮೆ 40,000ಕ್ಕೆ ಬರುತ್ತದೆ. ಮೊದಲ ಪುಸ್ತಕಕ್ಕೆ ಅಷ್ಟೂ ಬೇಡ, 30,000 ಸಾಕು. ಡೆಮಿ 1/8 ಅಳತೆಯ ಪುಟಕ್ಕೆ 200 ಪದ ಹಿಡಿದರೆ 150 ಪುಟ. ಬೆಲೆ 180 ರೂಪಾಯಿ, ರಾಯಲ್ಟಿ 10% ಎಂದರೆ ಸಾವಿರ ಪ್ರತಿ ಖರ್ಚಾದ ಮೇಲೆ ಲೇಖಕರಿಗೆ 18,000. ಬಹಳ ಸಲ ಅದೂ ಪುಸ್ತಕದ ರೂಪದಲ್ಲೇ ಬರುತ್ತದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿಕೊಂಡು ಬೆಲೆ ಇಟ್ಟವರು ಬಿಲ್ಲಿನ ದಾರಿ ಕಾಯುತ್ತಾ ಕೂರುತ್ತಾರೆ. ಆ ಖರೀದಿ ಒಮ್ಮೆಯ ವ್ಯವಹಾರ. ಪುಸ್ತಕವನ್ನು ಆಮೇಲೆ ಹತ್ತು ಮಂದಿ ಓದಿದರೂ ಸಾವಿರ ಮಂದಿ ಓದಿದರೂ ಲೇಖಕರಿಗೆ ಒಂದೇ.

ನಮ್ಮಲ್ಲಿ ಏಜೆಂಟರು ಇಲ್ಲವೆಂದು ಕೊರಗುವುದರಲ್ಲಿ ಅರ್ಥ ಕಾಣುವುದಿಲ್ಲ. 18,000ದಲ್ಲಿ 15% ಯಾರಿಗೆ ಬೇಕು? ಬ್ರಿಟನ್ನಿನಿಂದ ಹೊತ್ತು ತರಬೇಕಾದದ್ದು ಶಾಲಾಭೇಟಿಯ ಶಿಸ್ತು. ನಮ್ಮ ಶಾಲೆಗಳು ಲೇಖಕರನ್ನು ಕರೆಯುವುದಿಲ್ಲವೆಂದಲ್ಲ. ಕರೆದು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು ಕಳಿಸುತ್ತಾರೆ. ಬಸ್ ಚಾರ್ಜಿನ ಮಾತು ಮಾತ್ರ ಬರುವುದಿಲ್ಲ. ಮುಖ್ಯ ಅತಿಥಿಯಾಗಿ ಹೋಗುವುದನ್ನು ಬಿಟ್ಟು ಕಮ್ಮಟ ನಡೆಸಲು ಹೋಗಬೇಕು, ಸಂಭಾವನೆಯನ್ನು ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಬೇಕು. ಎಂಟು, ಒಂಬತ್ತನೇ ತರಗತಿ ಸರಿಯಾದ ಜಾಗ. ಹತ್ತನೆಯವರನ್ನು ಪರೀಕ್ಷೆ ಬಿಟ್ಟುಕೊಡುವುದಿಲ್ಲ. ಜುಲೈ, ಆಗಸ್ಟ್, ನವೆಂಬರ್ ಒಳ್ಳೆಯ ತಿಂಗಳು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18ರವರೆಗಿನವರಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಓದುಗರ ಪಟ್ಟಿ ಸಿದ್ಧವಿದೆ, ಅವರ ವಯಸ್ಸಿನ ಕಾದಂಬರಿ ಇಲ್ಲ.

ಬರವಣಿಗೆಯ ಬಗ್ಗೆ ಒಂದೆರಡು ಮಾತು. ಓದುಗರು ತಮಗಿಂತ ಎರಡು ವರ್ಷ ದೊಡ್ಡವರ ಕಥೆ ಬಯಸುತ್ತಾರೆ. ಹದಿಮೂರರವರಿಗೆ ಬರೆಯುವಾಗ ಕಥೆಯ ಹುಡುಗಿಗೆ ಹದಿನೈದು ಇರಲಿ. ಬಿಕ್ಕಟ್ಟನ್ನು ಅವಳೇ ಬಿಡಿಸಲಿ. ನಮ್ಮ ಹಸ್ತಪ್ರತಿಗಳು ಕೆಡುವುದು ಕೊನೆಯ ಅಧ್ಯಾಯದಲ್ಲಿ ಮೇಷ್ಟ್ರೋ ತಾತನೋ ಬಂದು ಬುದ್ಧಿ ಹೇಳಿದಾಗ. ಸಂಭಾಷಣೆ ಪಠ್ಯಪುಸ್ತಕದ ಕನ್ನಡವಾದರೆ ಧಾರವಾಡದ ಹುಡುಗ ಎರಡನೇ ಪುಟಕ್ಕೇ ಮುಚ್ಚಿಡುತ್ತಾನೆ. ಹಾಗೆಂದು ಈ ವರ್ಷದ ಮೊಬೈಲ್ ಭಾಷೆಯನ್ನು ತುಂಬಿದರೆ ಪುಸ್ತಕ ಅಚ್ಚಾಗುವಷ್ಟರಲ್ಲಿ ಅದು ಹಳಸಿರುತ್ತದೆ. ಊರಿನ ಆಡುಮಾತಿಗೆ ಆಯಸ್ಸು ಹೆಚ್ಚು.

ಕೊನೆಗೆ ಒಪ್ಪಂದ. ನಮ್ಮಲ್ಲಿ ಎಷ್ಟೋ ಪುಸ್ತಕಗಳು ಬಾಯಿಮಾತಿನಲ್ಲೇ ಅಚ್ಚಾಗುತ್ತವೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ಓದಿಕೊಳ್ಳಿ. ಸಹಿ ಮಾಡಿದ ಬರಹವಿಲ್ಲದೆ ಹಕ್ಕಿನ ವರ್ಗಾವಣೆ ಸಿಂಧುವಲ್ಲ. ಅವಧಿ ಬರೆದಿಲ್ಲದಿದ್ದರೆ ಐದೇ ವರ್ಷ, ಪ್ರದೇಶ ಬರೆದಿಲ್ಲದಿದ್ದರೆ ಭಾರತ ಮಾತ್ರ. ಒಂದೇ ಹಾಳೆ ಸಾಕು: ಎಷ್ಟು ಪ್ರತಿ, ಎಷ್ಟು ರಾಯಲ್ಟಿ, ಲೆಕ್ಕ ಕೊಡುವ ತಿಂಗಳು, ಪ್ರತಿ ಮುಗಿದು ಎರಡು ವರ್ಷ ಮರುಮುದ್ರಣ ಆಗದಿದ್ದರೆ ಹಕ್ಕು ವಾಪಸು. ಆಡಿಯೋ, ನಾಟಕ, ಸಿನಿಮಾ, ಅನುವಾದದ ಹಕ್ಕು ಲೇಖಕರ ಬಳಿಯೇ ಉಳಿಯುತ್ತದೆಂದು ಬೇರೆ ಸಾಲಿನಲ್ಲಿ ಬರೆಸಿ.